ನಂಜಿನ ಕರ್ತೃತ್ವ: ಕೆಂಪು ಉಬ್ಬರದ ಪಾಚಿಗಳಲ್ಲಿ ಆರ್.ಎನ್.ಎ. ಸಂಸ್ಕರಣ

೧. ಪೀಠಿಕೆ

ಹಳೆಯ ಹಸ್ತಪ್ರತಿಯೊಂದು ದೊರೆತಾಗ ಅದನ್ನು ರಚಿಸಿದವರು ಯಾರು, ಪ್ರತಿಮಾಡಿದವರು ಯಾರು, ಅದು ಸಿಕ್ಕಿದ ಸ್ಥಳಕ್ಕೆ ಬಂದದ್ದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಇತಿಹಾಸದ ವಿದ್ಯಾರ್ಥಿ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಗ್ರಂಥವು ಒಂದು ಮಠದ ಭಂಡಾರದಲ್ಲಿ ದೊರಕಿತೆಂದ ಮಾತ್ರಕ್ಕೆ ಅದು ಆ ಮಠದವರ ರಚನೆಯೆಂದು ಹೇಳಲು ಬಾರದು. ಬೇರೆಡೆಯಿಂದ ಬಂದುದನ್ನು ಅಲ್ಲಿಯವರು ಪ್ರತಿಮಾಡಿಕೊಂಡಿರಲೂಬಹುದು. ಈಚಿನ ಜೀವಶಾಸ್ತ್ರದಲ್ಲಿ ಇದನ್ನು ಬಹಳ ಮಟ್ಟಿಗೆ ಹೋಲುವ ಕರ್ತೃತ್ವವಿಚಾರವೊಂದು ನಡೆದಿದೆ. ಸಮುದ್ರದ ಚಿಪ್ಪುಮೀನುಗಳಲ್ಲಿ ಆಗಾಗ ಕಂಡುಬರುವ ಒಂದು ಮಾರಕವಾದ ನಂಜನ್ನು ತಯಾರಿಸುವ ಜೀವಿ ಯಾವುದು ಎಂಬುದು ಆ ವಿಚಾರದ ವಿಷಯ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಪಾಚಿಯೇ ಅದನ್ನು ತಯಾರಿಸುತ್ತದೆಂದು ಕೆಲವರೂ, ಪಾಚಿಯೊಡನೆ ವಾಸಿಸುವ ಬ್ಯಾಕ್ಟೀರಿಯಗಳು ತಯಾರಿಸುತ್ತವೆಂದು ಕೆಲವರೂ ವಾದಿಸಿದರು. ೨೦೧೧ರಲ್ಲಿ ಈ ವಾದಕ್ಕೆ ನಿರ್ಣಾಯಕವಾದ ಪ್ರಮಾಣವೊಂದು ದೊರೆಯಿತು. ಅದು ದೊರೆತದ್ದು ಪಾಚಿಯ ಆರ್.ಎನ್.ಎ. ಅಣುವಿನ ಮೊದಲ ತುದಿಯಲ್ಲಿರುವ ಇಪ್ಪತ್ತೆರಡು ಅಕ್ಷರಗಳ ಒಂದು ಪಂಕ್ತಿಯಲ್ಲಿ.

ಜೀವಶಾಸ್ತ್ರವು ನಮ್ಮ ವ್ಯಾಸಂಗದ ಕ್ಷೇತ್ರವಲ್ಲ. ಆದರೆ ಪ್ರಮಾಣಗಳನ್ನು ತೂಗಿನೋಡುವ ಕ್ರಮ ಎರಡು ಶಾಸ್ತ್ರಗಳಿಗೂ ಸಮಾನವಾದುದು. ಆ ಇಪ್ಪತ್ತೆರಡು ಅಕ್ಷರಗಳು ಏನು, ಅವು ಅಲ್ಲಿಗೆ ಹೇಗೆ ಬಂದವು, ಅವುಗಳಿಂದ ಏನು ಸಿದ್ಧವಾಯಿತು, ಏನು ಸಿದ್ಧವಾಗಲಿಲ್ಲ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ನಂಜಿನ ಪೂರ್ವವೃತ್ತಾಂತ

ಕೆಲವು ಋತುಗಳಲ್ಲಿ ಸಮುದ್ರದ ಮೇಲ್ಭಾಗದ ನೀರಿನಲ್ಲಿ ಸೂಕ್ಷ್ಮ ಪಾಚಿಗಳು ಅತಿಶಯವಾಗಿ ಹೆಚ್ಚಿ ನೀರು ಕೆಂಪಾಗಿಯೋ ಕಂದಾಗಿಯೋ ಕಾಣುವುದುಂಟು. ಇದನ್ನು ಕೆಂಪು ಉಬ್ಬರವೆಂದು ಕರೆಯುವುದು ರೂಢಿ. ಇದಕ್ಕೂ ಚಂದ್ರನಿಂದುಂಟಾಗುವ ಉಬ್ಬರಕ್ಕೂ ಸಂಬಂಧವಿಲ್ಲ. ನೀರಿನ ಬಣ್ಣ ಬದಲಾಗದೆಯೇ ಅಪಾಯವೊದಗುವುದೂ ಉಂಟು. ಈ ಪಾಚಿಗಳಲ್ಲಿ ಹೆಚ್ಚಿನವು ನಿರಪಾಯಕಾರಿಗಳು. ಕೆಲವು ಮಾತ್ರ ನಂಜಿನವು. ನೀರನ್ನು ಸೋಸಿ ಆಹಾರ ಪಡೆಯುವ ಚಿಪ್ಪುಮೀನುಗಳು ಈ ಪಾಚಿಗಳನ್ನು ತಿಂದು ನಂಜನ್ನು ತಮ್ಮ ಮಾಂಸದಲ್ಲಿ ಕೂಡಿಸಿಕೊಳ್ಳುತ್ತವೆ. ತಮಗೆ ಹೆಚ್ಚಿನ ಹಾನಿಯಾಗದಿದ್ದರೂ ತಮ್ಮನ್ನು ತಿಂದವರಿಗೆ ಅವು ಮೃತ್ಯುಪ್ರಾಯವಾಗುತ್ತವೆ.

ಲಿಖಿತ ದಾಖಲೆಯಿರುವ ಪ್ರಸಿದ್ಧ ಪ್ರಸಂಗವೊಂದು ೧೭೯೩ರದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯನ್ನು ಅಳೆಯುತ್ತಿದ್ದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರನ ನಾವಿಕರು ಆ ವರ್ಷದ ಜೂನ್ ತಿಂಗಳಲ್ಲಿ, ಈಗಿನ ಬ್ರಿಟಿಷ್ ಕೊಲಂಬಿಯದ ತೀರದಲ್ಲಿ, ಬೆಳಗಿನ ಊಟಕ್ಕೆ ಚಿಪ್ಪುಮೀನುಗಳನ್ನು ಸುಟ್ಟು ತಿಂದರು. ಹಲವರಿಗೆ ಮುಖವೂ ಕೈಕಾಲುಗಳೂ ಜೋಮುಹಿಡಿದವು. ಜಾನ್ ಕಾರ್ಟರ್ ಎಂಬಾತ ಅದೇ ಮಧ್ಯಾಹ್ನ ತೀರಿಕೊಂಡ. ಅವನನ್ನು ಹೂಳಿದ ಕೊಲ್ಲಿಗೆ ಅವನ ಹೆಸರನ್ನೂ, ಚಿಪ್ಪುಮೀನು ದೊರೆತ ಕಿರುಕೊಲ್ಲಿಗೆ ವಿಷದ ಹೆಸರನ್ನೂ ವ್ಯಾಂಕೂವರ್ ಇಟ್ಟನು. ಸುಟ್ಟು ತಿಂದರೂ ನಂಜು ಇಳಿಯಲಿಲ್ಲವೆಂಬುದು ಗಮನಿಸತಕ್ಕ ಅಂಶ: ಅಡುಗೆಯ ಬಿಸಿಗೆ ಈ ನಂಜು ನಾಶವಾಗುವುದಿಲ್ಲ.

ಕಾರಣ ತಿಳಿಯುವುದಕ್ಕೆ ಸುಮಾರು ಒಂದೂವರೆ ಶತಮಾನ ಹಿಡಿಯಿತು. ೧೯೨೭ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸಮೀಪದಲ್ಲಿ ೧೦೨ ಜನ ಕಾಯಿಲೆ ಬಿದ್ದು ಆರು ಮಂದಿ ಸತ್ತರು. ಇದನ್ನು ಅನುಸರಿಸಿ ಹರ್ಮನ್ ಸಾಮರ್, ಕಾರ್ಲ್ ಮೇಯರ್ ಮೊದಲಾದವರು ನಡೆಸಿದ ಸಂಶೋಧನೆ ೧೯೩೭ರಲ್ಲಿ ಪ್ರಕಟವಾಯಿತು. ಚಿಪ್ಪುಮೀನಿನ ನಂಜಿಗೂ ನೀರಿನಲ್ಲಿ ಈಗ ಅಲೆಕ್ಸಾಂಡ್ರಿಯಮ್ ಕೆಟನೆಲ್ಲ ಎಂಬ ಹೆಸರಿನಿಂದ ಕರೆಯುವ ಪಾಚಿಯ ಸಂಖ್ಯೆಗೂ ಇರುವ ಸಂಬಂಧವನ್ನು ಅವರು ತೋರಿಸಿಕೊಟ್ಟರು. ಅಲಾಸ್ಕದ ಸ್ಯಾಕ್ಸಿಡೋಮಸ್ ಎಂಬ ಚಿಪ್ಪುಮೀನಿನಿಂದಲೂ ಬೇರ್ಪಡಿಸಲಾದ ಈ ನಂಜಿಗೆ ಸ್ಯಾಕ್ಸಿಟಾಕ್ಸಿನ್ ಎಂದು ಹೆಸರಾಯಿತು. ಅದರ ಅಣುರಚನೆ ೧೯೭೫ರಲ್ಲಿ ನಿಶ್ಚಿತವಾಯಿತು. ನರತಂತುಗಳಲ್ಲಿ ಸೋಡಿಯಂ ಅಯಾನುಗಳು ಒಳಹೋಗುವ ದ್ವಾರಗಳನ್ನು ಇದು ಮುಚ್ಚಿಬಿಡುತ್ತದೆ. ಆದುದರಿಂದ ನರದ ಸಂದೇಶ ನಿಲ್ಲುತ್ತದೆ. ಉಸಿರಾಟದ ಸ್ನಾಯುಗಳು ಸೋತಾಗ ಮರಣ ಸಂಭವಿಸುತ್ತದೆ. ಒಂದು ಕಿಲೋಗ್ರಾಂ ಮಾಂಸದಲ್ಲಿ ೮೦೦ ಮೈಕ್ರೊಗ್ರಾಂ ನಂಜಿಗೆ ಮೀರಿದ ಚಿಪ್ಪುಮೀನು ತಿನ್ನಲು ಯೋಗ್ಯವಲ್ಲವೆಂದು ಹಲವು ದೇಶಗಳು ನಿಯಮ ಮಾಡಿವೆ. ನಮ್ಮ ಕರಾವಳಿಗೂ ಇದು ಪರಕೀಯವಾದ ವಿಷಯವಲ್ಲ. ೧೯೮೩ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿಯೇ ಚಿಪ್ಪುಮೀನಿನ ನಂಜು ಕಾಣಿಸಿಕೊಂಡುದನ್ನು ಅಲ್ಲಿಯ ವಿಜ್ಞಾನಿಗಳು ಮಾರನೆಯ ವರ್ಷ ವರದಿ ಮಾಡಿದರು.

೩. ವಿವಾದದ ಸ್ವರೂಪ

ಅಲೆಕ್ಸಾಂಡ್ರಿಯಮ್ ಡೈನೊಫ್ಲ್ಯಾಜಲೇಟು ಎಂಬ ವರ್ಗಕ್ಕೆ ಸೇರಿದ ಏಕಕೋಶಜೀವಿ. ಎರಡು ಚಾವಟಿಗಳಂತಹ ಅಂಗಗಳನ್ನು ಬೀಸುತ್ತ ಗಿರಗಿರನೆ ಸುತ್ತುತ್ತ ಈಜುವುದರಿಂದ ವರ್ಗಕ್ಕೆ ಆ ಹೆಸರು ಬಂದಿತು. ಈ ಪಾಚಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಅದರೊಡನೆ ನಾನಾ ವಿಧವಾದ ಬ್ಯಾಕ್ಟೀರಿಯಗಳೂ ಬೆಳೆಯುತ್ತವೆ. ಅವುಗಳನ್ನು ಸಂಪೂರ್ಣವಾಗಿ ನಿವಾರಿಸುವುದು ಬಹು ಕಷ್ಟ. ಹೀಗಿರುವಾಗ ಕೃಷಿಯಲ್ಲಿ ನಂಜು ಕಂಡರೆ ಅದು ಯಾರದೆಂದು ಹೇಳುವುದು ಹೇಗೆ? ೧೯೮೮ರಲ್ಲಿ ಜಪಾನಿನ ಕೊಡಾಮ ಮತ್ತು ಸಂಗಡಿಗರು ಪಾಚಿಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದು ಸ್ಯಾಕ್ಸಿಟಾಕ್ಸಿನ್ನನ್ನು ಉತ್ಪಾದಿಸುತ್ತದೆಂದು ಪ್ರಕಟಿಸಿದರು. ಇದರಿಂದ ಬ್ಯಾಕ್ಟೀರಿಯ ಪಕ್ಷಕ್ಕೆ ಬಲ ಬಂದಿತು. ಜಪಾನಿನಲ್ಲಿಯೇ ಸಾಕೋ ಮತ್ತು ಸಂಗಡಿಗರು ೧೯೯೨ರಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಮುಂದಿಟ್ಟರು. ಎರಡು ಬಗೆಯ ಪಾಚಿಗಳನ್ನು ಕೂಡಿಸಿ ಪಡೆದ ಸಂತತಿಯಲ್ಲಿ ನಂಜಿನ ಲಕ್ಷಣಗಳು ಮೆಂಡಲನ ನಿಯಮಕ್ಕೆ ಅನುಸಾರವಾಗಿ ಹಂಚಿಕೆಯಾಗಿದ್ದವು. ಕೋಶಕೇಂದ್ರದ ಜೀನುಗಳಿಂದ ಬಂದ ಗುಣಗಳಲ್ಲಿ ಹೀಗಾಗುವುದು ಸಹಜ. ಕೇವಲ ಜೊತೆಯಲ್ಲಿರುವ ಬ್ಯಾಕ್ಟೀರಿಯದಿಂದ ಬಂದ ಗುಣದಲ್ಲಿ ಹೀಗಾಗುವುದು ಅಸಂಭವಪ್ರಾಯ.

೨೦೦೮ರಲ್ಲಿ ವಾದ ಇನ್ನಷ್ಟು ತೊಡಕಾಯಿತು. ಸಿಹಿನೀರಿನ ಕೆಲವು ನೀಲಿಹಸಿರು ಪಾಚಿಗಳೂ ಇದೇ ನಂಜನ್ನು ತಯಾರಿಸುತ್ತವೆ. ಹೆಸರಿನಲ್ಲಿ ಪಾಚಿಯಾದರೂ ಇವು ನಿಜವಾಗಿ ಬ್ಯಾಕ್ಟೀರಿಯಗಳು. ಇಂತಹ ಒಂದು ಜೀವಿಯಲ್ಲಿ ನಂಜಿನ ತಯಾರಿಕೆಗೆ ಬೇಕಾದ ಜೀನುಗಳ ಇಡೀ ಗುಂಪನ್ನು ಕೆಲ್‌ಮನ್, ನೀಲನ್ ಮೊದಲಾದವರು ಆ ವರ್ಷ ಗುರುತಿಸಿದರು. ಈ ಗುಂಪಿಗೆ ಎಸ್‌ಎಕ್ಸ್‌ಟಿ ಎಂದು ಹೆಸರು. ತಯಾರಿಕೆಯ ಮೊದಲ ಹೆಜ್ಜೆಯನ್ನು ನಡೆಸುವ ಕಿಣ್ವದ ಜೀನಿಗೆ ಎಸ್‌ಎಕ್ಸ್‌ಟಿ-ಎ ಎಂದು ಹೆಸರು. ಬ್ಯಾಕ್ಟೀರಿಯದಲ್ಲಿ ಜೀನುಗಳು ಸಿಕ್ಕಿದ ಮೇಲೆ ಸಮುದ್ರದ ಪಾಚಿಯಲ್ಲಿಯೂ ಅವುಗಳನ್ನು ಹುಡುಕಬೇಕು. ಸಿಕ್ಕಿದರೆ ಅವು ಪಾಚಿಯ ಸ್ವಂತ ಸ್ವತ್ತೋ ಕೃಷಿಯಲ್ಲಿ ಬೆರೆತ ಬ್ಯಾಕ್ಟೀರಿಯದ ಸ್ವತ್ತೋ ಎಂದು ನಿರ್ಣಯಿಸಬೇಕು. ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ನೀರಿನಲ್ಲಿ ಪಾಚಿಯನ್ನು ಎಣಿಸಿ ಅಪಾಯವನ್ನು ಅಳೆಯುವ ಪದ್ಧತಿ ಕರ್ತೃತ್ವ ಪಾಚಿಯದೆಂಬ ನಂಬಿಕೆಯ ಮೇಲೆ ನಿಂತಿದೆ. ಕರ್ತೃ ಬೇರೆಯಾದರೆ ಆ ಎಣಿಕೆಯನ್ನು ನಂಬಿ ಚಿಪ್ಪುಮೀನು ತಿಂದವರಿಗೆ ರಕ್ಷಣೆಯಿಲ್ಲ.

೪. ವಿಚಿತ್ರವಾದ ಕೋಶಕೇಂದ್ರ

ಪಾಚಿಯ ಜೀನುಗಳನ್ನು ನೇರವಾಗಿ ಓದಿ ಈ ಪ್ರಶ್ನೆಯನ್ನು ಬಿಡಿಸುವುದು ಸುಲಭವಾಗಿರಲಿಲ್ಲ. ಮಾನವನ ವರ್ಣತಂತುಗಳ ಒಂದು ಪಂಗಡದಲ್ಲಿ ಸುಮಾರು ೩ ಪಿಕೊಗ್ರಾಂ ಡಿ.ಎನ್.ಎ. ಇದೆ. ಡೈನೊಫ್ಲ್ಯಾಜಲೇಟುಗಳಲ್ಲಿ ಇದರ ಪ್ರಮಾಣ ಜಾತಿಯಿಂದ ಜಾತಿಗೆ ೩ರಿಂದ ೨೫೦ ಪಿಕೊಗ್ರಾಂವರೆಗೆ ಇದೆಯೆಂದು ಲೆಕ್ಕಹಾಕಿದ್ದಾರೆ. ಒಂದೇ ಜೀವಕೋಶದ ಪ್ರಾಣಿಗೆ ಮನುಷ್ಯನ ಎಂಬತ್ತರಷ್ಟು ಗ್ರಂಥಭಂಡಾರ! ಇತರ ಜೀವಿಗಳಲ್ಲಿ ಕೋಶ ವಿಭಜನೆಯಾಗುವಾಗ ಮಾತ್ರ ವರ್ಣತಂತುಗಳು ಗಟ್ಟಿಯಾಗಿ ಸುತ್ತಿಕೊಳ್ಳುತ್ತವೆ. ಇವುಗಳಲ್ಲಿ ಸದಾಕಾಲವೂ ಸುತ್ತಿಕೊಂಡೇ ಇರುತ್ತವೆ. ಒಂದೇ ಜೀನಿನ ಅನೇಕ ಪ್ರತಿಗಳು ಸಾಲಾಗಿ ಒಂದರ ಹಿಂದೆ ಒಂದು ನಿಂತಿರುವುದೂ ಸಾಮಾನ್ಯ.

ಇಂತಹ ಭಂಡಾರವನ್ನೆಲ್ಲ ಓದುವ ಬದಲು ಅದರಿಂದ ಹೊರಬರುವ ಪ್ರತಿಗಳನ್ನು ಓದುವುದು ಸುಗಮ. ಡಿ.ಎನ್.ಎ.ಯಲ್ಲಿರುವ ಜೀನಿನ ಬರೆಹವನ್ನು ಜೀವಕೋಶ ಮೊದಲು ಆರ್.ಎನ್.ಎ. ರೂಪದಲ್ಲಿ ನಕಲುಮಾಡುತ್ತದೆ, ಆ ನಕಲನ್ನು ನೋಡಿ ಪ್ರೋಟೀನು ಕಟ್ಟಲಾಗುತ್ತದೆ. ಈ ನಕಲಿಗೆ ದೂತ ಆರ್.ಎನ್.ಎ. ಎಂದು ಹೆಸರು. ಅಡೆನಿನ್, ಗ್ವಾನಿನ್, ಸೈಟೊಸಿನ್, ಯುರಾಸಿಲ್ ಎಂಬ ನಾಲ್ಕು ಘಟಕಗಳೇ ಅದರ ಅಕ್ಷರಗಳು. ನಕಲು ತೆಗೆದ ಕೂಡಲೆ ಅದು ಬಳಕೆಗೆ ಯೋಗ್ಯವಾಗುವುದಿಲ್ಲ. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಅದರ ಮೊದಲ ತುದಿಗೆ ರಕ್ಷಕವಾದ ಟೊಪ್ಪಿಗೆಯೊಂದನ್ನು ತೊಡಿಸಿ, ಕೊನೆಗೆ ಅಡೆನಿನ್ನುಗಳ ಉದ್ದವಾದ ಬಾಲವನ್ನು ಸೇರಿಸಿ, ನಡುವೆಯಿರುವ ಅನಗತ್ಯ ಭಾಗಗಳನ್ನು ಕತ್ತರಿಸಿ ಉಳಿದುದನ್ನು ಬೆಸೆಯಬೇಕಾಗುತ್ತದೆ. ಈ ಕೆಲಸಗಳೆಲ್ಲ ಸೇರಿ ಆರ್.ಎನ್.ಎ. ಸಂಸ್ಕರಣವೆನಿಸುತ್ತವೆ.

೫. ಅಗ್ರಪಂಕ್ತಿ

ಕತ್ತರಿಸಿ ಬೆಸೆಯುವ ಈ ಕ್ರಮ ೧೯೭೭ರಲ್ಲಿ ಬೆಳಕಿಗೆ ಬಂದಿತು. ಅಲ್ಲಿ ಬೆಸೆಯಲ್ಪಡುವ ತುಂಡುಗಳೆಲ್ಲ ಒಂದೇ ಅಣುವಿಗೆ ಸೇರಿದವು. ಕೆಲವು ಜೀವಿಗಳಲ್ಲಿ ಇನ್ನೊಂದು ವಿಧವಾದ ಬೆಸುಗೆಯುಂಟು. ಪ್ರತ್ಯೇಕವಾಗಿ ತಯಾರಾದ ಒಂದು ಚಿಕ್ಕ ಆರ್.ಎನ್.ಎ. ತನ್ನ ಮೊದಲ ಭಾಗವನ್ನು ದಾನಮಾಡುತ್ತದೆ. ಆ ಭಾಗ ಬೇರೆ ಜೀನಿನಿಂದ ಬಂದ ಆರ್.ಎನ್.ಎ.ಯ ತಲೆಗೆ ಅಂಟಿಕೊಳ್ಳುತ್ತದೆ. ಎರಡು ಅಣುಗಳ ನಡುವೆ ನಡೆಯುವ ಈ ಬೆಸುಗೆಯನ್ನು ಅನ್ಯಬೆಸುಗೆಯೆಂದೂ, ಹೀಗೆ ಅಂಟಿಕೊಳ್ಳುವ ಚಿಕ್ಕ ಭಾಗವನ್ನು ಅಗ್ರಪಂಕ್ತಿಯೆಂದೂ ನಾವು ಇಲ್ಲಿ ಕರೆಯುತ್ತೇವೆ. ನಿದ್ರಾರೋಗಕ್ಕೆ ಕಾರಣವಾದ ಟ್ರಿಪನೊಸೋಮಗಳಲ್ಲಿ ೧೯೮೦ರ ದಶಕದಲ್ಲಿಯೇ ಇದು ಕಂಡುಬಂದಿತ್ತು; ಅವುಗಳ ಅಗ್ರಪಂಕ್ತಿಯಲ್ಲಿ ೩೯ ಅಕ್ಷರಗಳಿವೆ.

ಡೈನೊಫ್ಲ್ಯಾಜಲೇಟುಗಳಲ್ಲಿ ಅನ್ಯಬೆಸುಗೆ ನಡೆಯುತ್ತದೆಂದು ೨೦೦೭ರಲ್ಲಿ ಹುವಾನ್ ಝಾಂಗ್, ಸೆಂಜಿ ಲಿನ್ ಮತ್ತು ಸಂಗಡಿಗರು ತೋರಿಸಿದರು. ಅದೇ ವರ್ಷ ಲಿಡಿ ಮತ್ತು ವಾನ್ ಡೋಲಾ ಎಂಬವರು ಫ್ಲಾರಿಡದ ಕೆಂಪು ಉಬ್ಬರಕ್ಕೆ ಕಾರಣವಾದ ಕರೇನಿಯ ಬ್ರೆವಿಸ್ ಎಂಬ ಪಾಚಿಯಲ್ಲಿಯೂ ಇದನ್ನೇ ಕಂಡರು. ಈ ವರ್ಗದ ಅಗ್ರಪಂಕ್ತಿಯಲ್ಲಿ ೨೨ ಅಕ್ಷರಗಳಿವೆ. ಮೊದಲನೆಯ ಅಕ್ಷರ ಮಾತ್ರ ಸ್ವಲ್ಪ ವ್ಯತ್ಯಾಸ ಹೊಂದುತ್ತದೆ. ಉಳಿದ ೨೧ ಅಕ್ಷರಗಳು ಪರೀಕ್ಷಿಸಿದ ಜಾತಿಗಳಲ್ಲೆಲ್ಲ ಒಂದೇ ಆಗಿದ್ದವು. ಬೇರೆಬೇರೆ ಕಾರ್ಯಗಳಿಗೆ ಸೇರಿದ ಜೀನುಗಳ ದೂತ ಆರ್.ಎನ್.ಎ.ಗಳಲ್ಲಿಯೂ ಅದೇ ಪಂಕ್ತಿ ತಲೆಯಲ್ಲಿ ನಿಂತಿತ್ತು.

ಈ ಪಂಕ್ತಿಯನ್ನು ದಾನಮಾಡುವ ಚಿಕ್ಕ ಆರ್.ಎನ್.ಎ.ಯ ರಚನೆಯೂ ಅಸಾಧಾರಣವಾದುದು. ೨೦೦೭ರ ವರದಿಯ ಪ್ರಕಾರ ಅದರ ಉದ್ದ ೫೦ರಿಂದ ೬೦ ಅಕ್ಷರಗಳು ಮಾತ್ರ. ಇತರ ಜೀವಿಗಳ ಇಂತಹ ಅಣುಗಳಿಗಿಂತ ಇದು ಬಹಳ ಚಿಕ್ಕದು. ಆರ್.ಎನ್.ಎ. ಒಂಟಿ ಎಳೆಯಾದುದರಿಂದ ಅದರ ಒಂದು ಭಾಗ ಇನ್ನೊಂದು ಭಾಗದೊಡನೆ ಜೋಡಿಗೊಂಡು, ಕೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಮಡಿಚಿಕೊಳ್ಳುತ್ತದೆ. ಬೆಸುಗೆಯ ಯಂತ್ರಕ್ಕೆ ಸೇರಿದ ಎಸ್‌ಎಂ ಎಂಬ ಪ್ರೋಟೀನುಗಳು ಹಿಡಿದುಕೊಳ್ಳುವುದಕ್ಕೆ ಇಂತಹ ಅಣುವಿನಲ್ಲಿ ಒಂದು ನಿಯತ ಸ್ಥಳವಿರಬೇಕು. ಇತರ ಜೀವಿಗಳಲ್ಲಿ ಆ ಸ್ಥಳ, ಬೆಸುಗೆಯ ಅನಂತರ ಕಳಚಿಹೋಗುವ ಹಿಂಭಾಗದಲ್ಲಿರುತ್ತದೆ. ಇಲ್ಲಿಯಾದರೋ ಆ ಸ್ಥಳವನ್ನು ಹೋಲುವ ಅಕ್ಷರಗಳು ದಾನವಾಗಿ ಹೋಗುವ ಅಗ್ರಪಂಕ್ತಿಯೊಳಗೇ ಕಂಡುಬಂದವು.

ಶಾಸನಗಳ ಪರಿಚಯವಿರುವವರಿಗೆ ಅಗ್ರಪಂಕ್ತಿಯ ಮಹತ್ವವನ್ನು ತಿಳಿಯಲು ಕಷ್ಟವಾಗದು. ಕರ್ಣಾಟಕದ ಅನೇಕ ಶೈವ ಶಾಸನಗಳ ಮೊದಲಿಗೆ ಬಾಣನ ಹರ್ಷಚರಿತದ ಮಂಗಳಶ್ಲೋಕವೊಂದು ಬರುತ್ತದೆ. ಜೈನ ಶಾಸನಗಳಿಗೆ ಅವುಗಳದೇ ಆದ ಮಂಗಳಶ್ಲೋಕವುಂಟು. ದಾನ ಯಾರದು, ಭೂಮಿ ಎಷ್ಟು, ಕಾಲ ಯಾವುದು ಎಂಬ ವಿಷಯಗಳು ಶಾಸನದಿಂದ ಶಾಸನಕ್ಕೆ ಬೇರೆಯಾದರೂ ಶ್ಲೋಕ ಬದಲಾಗುವುದಿಲ್ಲ. ಕಲ್ಲು ಅರ್ಧ ಒಡೆದುಹೋಗಿದ್ದರೂ ಆ ಮೊದಲ ಪಂಕ್ತಿ ಉಳಿದಿದ್ದರೆ ಅದು ಯಾವ ಸಂಪ್ರದಾಯದ್ದೆಂದು ಹೇಳಬಹುದು. ಡೈನೊಫ್ಲ್ಯಾಜಲೇಟಿನ ಕೋಶಕೇಂದ್ರದಿಂದ ಹೊರಟ ದೂತ ಆರ್.ಎನ್.ಎ.ಗೆ ಈ ೨೨ ಅಕ್ಷರಗಳು ಅಂತಹ ಮಂಗಳಶ್ಲೋಕ. ಪಾಚಿಯೊಡನೆ ಬೆಳೆಯುವ ಬ್ಯಾಕ್ಟೀರಿಯಗಳಲ್ಲಿ ಇದು ಇರುವುದಿಲ್ಲ. ಈ ಪಂಕ್ತಿಯನ್ನೇ ಗಾಳವಾಗಿ ಬಳಸಿ, ಸಮುದ್ರದ ನೀರಿನ ಮಿಶ್ರಸಮೂಹದಿಂದ ಡೈನೊಫ್ಲ್ಯಾಜಲೇಟುಗಳ ಆರ್.ಎನ್.ಎ.ಯನ್ನು ಮಾತ್ರ ಆರಿಸಿ ತೆಗೆಯುವ ವಿಧಾನವನ್ನು ಲಿನ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದರು.

೬. ನಿರ್ಣಯ

೨೦೧೧ರಲ್ಲಿ ಸ್ಟೂಕನ್, ಮರ್ರೆ, ನೀಲನ್, ಯಾಕೋಬ್ಸನ್ ಮೊದಲಾದವರು ಅಲೆಕ್ಸಾಂಡ್ರಿಯಮ್ ಪಂಗಡದ ಎರಡು ನಂಜಿನ ಜಾತಿಗಳ ಆರ್.ಎನ್.ಎ.ಗಳನ್ನು ವಿಪುಲವಾಗಿ ಓದಿ, ಅವುಗಳಲ್ಲಿ ನೀಲಿಹಸಿರು ಪಾಚಿಯ ಎಸ್‌ಎಕ್ಸ್‌ಟಿ-ಎ ಜೀನನ್ನು ಹೋಲುವ ಪ್ರತಿಗಳನ್ನು ಹುಡುಕಿದರು. ಪ್ರತಿಗಳು ದೊರೆತವು. ಆ ಮೇಲೆ ಅವು ಪಾಚಿಯವೋ ಬ್ಯಾಕ್ಟೀರಿಯದವೋ ಎಂಬ ಪ್ರಶ್ನೆಯನ್ನು ಮೂರು ಲಕ್ಷಣಗಳಿಂದ ಪರೀಕ್ಷಿಸಿದರು.

ಮೊದಲನೆಯದು ಬಾಲ. ಪ್ರತಿಗಳ ಕೊನೆಯಲ್ಲಿ ಕೋಶಕೇಂದ್ರವುಳ್ಳ ಜೀವಿಗಳಿಗೆ ಉಚಿತವಾದ ಅಡೆನಿನ್ನುಗಳ ಬಾಲವಿತ್ತು. ಎರಡನೆಯದು ಒಳಗಿನ ಅಕ್ಷರಪ್ರಮಾಣ. ಗ್ವಾನಿನ್ ಮತ್ತು ಸೈಟೊಸಿನ್ನುಗಳ ಪಾಲು ನೀಲಿಹಸಿರು ಪಾಚಿಯ ಜೀನಿನಲ್ಲಿರುವುದಕ್ಕಿಂತ ಇಲ್ಲಿ ಹೆಚ್ಚಾಗಿತ್ತು. ಮೂರನೆಯದು ತಲೆ. ಪ್ರತಿಗಳ ಆರಂಭದಲ್ಲಿ ಡೈನೊಫ್ಲ್ಯಾಜಲೇಟಿನ ಅಗ್ರಪಂಕ್ತಿ ಇದ್ದಿತು. ಈ ಮೂರರಲ್ಲಿ ತಾರತಮ್ಯವುಂಟು. ಬಾಲದಿಂದ ತಿಳಿಯುವುದು ಕರ್ತೃವಿಗೆ ಕೋಶಕೇಂದ್ರವಿದೆಯೆಂದಷ್ಟೆ. ಲಿಪಿಯನ್ನು ನೋಡಿ ಬರೆಹ ಕನ್ನಡದ್ದೆಂದು ತಿಳಿಯುವಂತೆ ಅದು ಸಾಮಾನ್ಯವಾದ ಸಾಕ್ಷ್ಯ. ಅಕ್ಷರಪ್ರಮಾಣ ಪೋಷಕವಾದ ಸಾಕ್ಷ್ಯ. ಅಗ್ರಪಂಕ್ತಿಯಾದರೋ ವರ್ಗವನ್ನೇ ಹೆಸರಿಸುವ ವಿಶೇಷ ಸಾಕ್ಷ್ಯ. ಇವೆಲ್ಲ ಒಮ್ಮತವಾಗಿ ನುಡಿದುದರಿಂದ, ಜೀನು ಪಾಚಿಯ ಕೋಶಕೇಂದ್ರದಲ್ಲಿಯೇ ಇದೆಯೆಂದು ಸಿದ್ಧವಾಯಿತು. ಆ ಕೋಶಕೇಂದ್ರದಲ್ಲಿ ಈ ಜೀನಿನ ಪ್ರತಿಗಳು ಒಂದೆರಡಲ್ಲ, ನೂರಕ್ಕೂ ಮೇಲ್ಪಟ್ಟು ಇರಬಹುದೆಂದೂ ತಿಳಿದುಬಂದಿತು. ಫ್ಲಾರಿಡದ ಕರೇನಿಯ ಪಾಚಿಯಲ್ಲಿ, ಅದರ ನಂಜಿನ ಬಗೆಯ ರಾಸಾಯನಿಕಗಳನ್ನು ಕಟ್ಟುವ ಕಿಣ್ವವರ್ಗಕ್ಕೆ ಸೇರಿದ ಆರ್.ಎನ್.ಎ.ಗಳ ಒಡೆತನವನ್ನು ನಿಶ್ಚಯಿಸುವುದಕ್ಕೂ ೨೦೦೮ರಲ್ಲಿ ಅಗ್ರಪಂಕ್ತಿಯೇ ಸಹಾಯಕವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಅಗ್ರಪಂಕ್ತಿ ಇದ್ದರೆ ಕರ್ತೃ ಡೈನೊಫ್ಲ್ಯಾಜಲೇಟೆಂದು ಹೇಳಬಹುದು. ಕಾಣದಿದ್ದ ಮಾತ್ರಕ್ಕೆ ಅಲ್ಲವೆನ್ನುವಂತಿಲ್ಲ. ಪ್ರಯೋಗದಲ್ಲಿ ಆರ್.ಎನ್.ಎ.ಯ ಮೊದಲ ತುದಿ ಸುಲಭವಾಗಿ ನಷ್ಟವಾಗುತ್ತದೆ. ಮೊದಲ ಗರಿ ಕಳೆದುಹೋದ ಓಲೆಯ ಕಟ್ಟಿನಲ್ಲಿ ಮಂಗಳಶ್ಲೋಕವನ್ನು ಹುಡುಕುವುದು ವ್ಯರ್ಥವಷ್ಟೆ.

ಹಾಗಾದರೆ ಬ್ಯಾಕ್ಟೀರಿಯ ಪಕ್ಷ ಸಂಪೂರ್ಣವಾಗಿ ನಿರಾಧಾರವಾಯಿತೆ? ಪಾಚಿಯ ಎಸ್‌ಎಕ್ಸ್‌ಟಿ-ಎ ಜೀನಿನ ವಂಶವೃಕ್ಷವನ್ನು ಬರೆದಾಗ ಅದರ ಅತಿನಿಕಟ ಬಂಧುಗಳು ನೀಲಿಹಸಿರು ಪಾಚಿ ಮತ್ತು ಇತರ ಬ್ಯಾಕ್ಟೀರಿಯಗಳಲ್ಲಿ ಕಂಡವು. ಪುರಾತನ ಕಾಲದಲ್ಲಿ ಬ್ಯಾಕ್ಟೀರಿಯದ ಜೀನುಗಳು ಡೈನೊಫ್ಲ್ಯಾಜಲೇಟಿನ ಪೂರ್ವಜರಿಗೆ ದಾಟಿ, ಕೋಶಕೇಂದ್ರದಲ್ಲಿ ನೆಲೆಸಿ, ಅಲ್ಲಿಯ ಸಂಪ್ರದಾಯದಂತೆ ತಲೆ ಬಾಲಗಳನ್ನು ಪಡೆದುಕೊಂಡವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಗ್ರಂಥದ ಮೂಲ ಬೇರೆಡೆಯದು. ಈಗ ನಮ್ಮ ಮುಂದಿರುವ ಪಾಠ ಮಾತ್ರ ಪಾಚಿಯದು. ಮೂಲವನ್ನೂ ಕರ್ತೃತ್ವವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂದು ಆರಂಭದಲ್ಲಿ ಹೇಳಿದ ಮಾತಿಗೆ ಇದು ಒಳ್ಳೆಯ ನಿದರ್ಶನ.

೭. ಆರ್.ಎನ್.ಎ.ಯಿಂದ ತಿಳಿಯದ ಅಂಶಗಳು

ಕರ್ತೃ ಯಾರೆಂದು ತಿಳಿದ ಮೇಲೆ, ಅವನು ಯಾವಾಗ ಎಷ್ಟು ನಂಜನ್ನು ಮಾಡುತ್ತಾನೆಂಬುದನ್ನೂ ಆರ್.ಎನ್.ಎ.ಯ ಪ್ರಮಾಣದಿಂದಲೇ ತಿಳಿಯಬಹುದೆಂದು ಯಾರಾದರೂ ಭಾವಿಸಬಹುದು. ಡೈನೊಫ್ಲ್ಯಾಜಲೇಟುಗಳ ಸ್ವಭಾವ ಇದಕ್ಕೆ ಅನುಕೂಲವಾಗಿಲ್ಲ. ಈಗ ಲಿಂಗುಲೊಡಿನಿಯಮ್ ಎಂದು ಕರೆಯುವ ಪಾಚಿ ರಾತ್ರಿಯಲ್ಲಿ ಬೆಳಕನ್ನು ಬೀರುತ್ತದೆ. ಅದಕ್ಕೆ ಬೇಕಾದ ಒಂದು ಪ್ರೋಟೀನು ದಿನದ ಒಂದು ಕಾಲದಲ್ಲಿ ಹೆಚ್ಚಿ ಇನ್ನೊಂದು ಕಾಲದಲ್ಲಿ ಕುಗ್ಗುತ್ತದೆ. ಆದರೆ ಅದರ ದೂತ ಆರ್.ಎನ್.ಎ.ಯ ಪ್ರಮಾಣ ದಿನವಿಡೀ ಬದಲಾಗದೆ ಇರುತ್ತದೆಂದು ಮೋರ್ಸ್, ಹೇಸ್ಟಿಂಗ್ಸ್ ಮತ್ತು ಸಂಗಡಿಗರು ೧೯೮೯ರಲ್ಲಿಯೇ ತೋರಿಸಿದ್ದರು. ಪ್ರತಿಗಳು ಸದಾ ಸಿದ್ಧವಾಗಿರುತ್ತವೆ. ಓದುವ ವೇಳೆಯನ್ನು ಜೀವಕೋಶ ಬೇರೆ ರೀತಿಯಲ್ಲಿ ಗೊತ್ತುಮಾಡುತ್ತದೆ. ಆದುದರಿಂದ ಆರ್.ಎನ್.ಎ. ಹೆಚ್ಚಾಗಿ ಕಂಡಲ್ಲಿ ನಂಜೂ ಹೆಚ್ಚಾಗಿದೆಯೆಂದು ನೇರವಾಗಿ ಊಹಿಸುವಂತಿಲ್ಲ.

ಆರ್.ಎನ್.ಎ.ಯೂ ಡಿ.ಎನ್.ಎ.ಯೂ ಅಕ್ಷರಶಃ ಹೊಂದಬೇಕೆಂಬ ನಿಯಮವೂ ಈ ವರ್ಗದಲ್ಲಿ ಎಲ್ಲೆಡೆಯೂ ನಡೆಯದು. ಮೈಟೊಕಾಂಡ್ರಿಯ ಎಂಬ ಕೋಶಾಂಗದಲ್ಲಿ ತಯಾರಾದ ಆರ್.ಎನ್.ಎ.ಯ ಅಕ್ಷರಗಳನ್ನು ಜೀವಕೋಶ ಅನಂತರ ವ್ಯಾಪಕವಾಗಿ ತಿದ್ದುತ್ತದೆಂದು ೨೦೦೨ರಲ್ಲಿ ತಿಳಿದುಬಂದಿತು. ೨೦೦೮ರಲ್ಲಿ ಸ್ಲಮೋವಿಟ್ಸ್ ಮತ್ತು ಕೀಲಿಂಗ್ ಇನ್ನೊಂದು ಕೌತುಕವನ್ನು ಪ್ರಕಟಿಸಿದರು. ಕೆಲವು ಜೀನುಗಳ ಒಳಗೇ ಹಳೆಯ ಅಗ್ರಪಂಕ್ತಿಯ ಅವಶೇಷಗಳು ಸಿಕ್ಕಿದವು. ಒಮ್ಮೆ ಅಗ್ರಪಂಕ್ತಿ ಪಡೆದ ಆರ್.ಎನ್.ಎ. ಮರಳಿ ಡಿ.ಎನ್.ಎ.ಯಾಗಿ ನಕಲಾಗಿ ಭಂಡಾರವನ್ನು ಸೇರಿ, ಅಲ್ಲಿಂದ ಮತ್ತೆ ಹೊರಬರುವಾಗ ಹೊಸ ಅಗ್ರಪಂಕ್ತಿಯನ್ನು ಪಡೆಯುತ್ತದೆಂದು ಅವರು ಇದನ್ನು ವಿವರಿಸಿದರು. ಹಿಂದಿನ ಪ್ರತಿಕಾರನ ಮಂಗಳವಾಕ್ಯವನ್ನೂ ಮೂಲದ ಭಾಗವೆಂದೇ ಎಣಿಸಿ ಬರೆದು, ಅದರ ಮೇಲೆ ತನ್ನದನ್ನೂ ಸೇರಿಸಿದ ಲಿಪಿಕಾರನ ಕೆಲಸ ಇದಕ್ಕೆ ಸಮಾನ.

ಅಪಾಯವನ್ನು ಅಳೆಯಲು ಆರ್.ಎನ್.ಎ.ಗಿಂತ ಜೀನನ್ನೇ ಎಣಿಸುವುದು ಹೆಚ್ಚು ಉಪಯುಕ್ತವೆಂದು ಕಂಡುಬಂದಿದೆ. ಎಸ್‌ಎಕ್ಸ್‌ಟಿ-ಎ ಜೀನಿನ ನಾಲ್ಕನೆಯ ಭಾಗವನ್ನು ನೀರಿನ ಮಾದರಿಯಲ್ಲಿ ಎಣಿಸಿ ನಂಜಿನ ಪಾಚಿಗಳನ್ನು ಗುರುತಿಸುವ ಪರೀಕ್ಷೆಯನ್ನು ಮರ್ರೆ ಮತ್ತು ಸಂಗಡಿಗರು ೨೦೧೧ರಲ್ಲಿಯೇ ರೂಪಿಸಿದರು. ಅಲೆಕ್ಸಾಂಡ್ರಿಯಮ್ ಮಿನುಟಮ್ ಎಂಬ ಜಾತಿಯ ನಾನಾ ತಳಿಗಳಲ್ಲಿ ಈ ಭಾಗದ ಪ್ರತಿಗಳ ಸಂಖ್ಯೆಗೂ ನಂಜಿನ ಪ್ರಮಾಣಕ್ಕೂ ಸಂಬಂಧವಿದೆಯೆಂದು ೨೦೧೫ರಲ್ಲಿ ತಿಳಿದುಬಂದಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಪಾಚಿಗಳಲ್ಲಿ ನಂಜಿನದನ್ನೂ ನಿರ್ವಿಷವಾದುದನ್ನೂ ಬೇರ್ಪಡಿಸುವುದಕ್ಕೆ ಇಂತಹ ಪರೀಕ್ಷೆಗಳು ಸಹಾಯಕ.

೮. ಉಪಸಂಹಾರ

ಈವರೆಗಿನ ವಿಚಾರದಿಂದ ಮೂರು ಅಂಶಗಳು ಫಲಿಸುತ್ತವೆ. ಸ್ಯಾಕ್ಸಿಟಾಕ್ಸಿನ್ ತಯಾರಿಕೆಯ ಮೊದಲ ಜೀನು ಪಾಚಿಯ ಕೋಶಕೇಂದ್ರದಲ್ಲಿದೆ. ಅದನ್ನು ಸಿದ್ಧಪಡಿಸಿದ ಪ್ರಮಾಣಗಳಲ್ಲಿ ಮುಖ್ಯವಾದುದು ಆರ್.ಎನ್.ಎ. ಸಂಸ್ಕರಣದ ಗುರುತಾದ ಅಗ್ರಪಂಕ್ತಿ. ಆದರೆ ಒಡೆತನವನ್ನು ಹೇಳುವ ಗುರುತಿನಿಂದ ಪರಿಮಾಣವನ್ನು ಹೇಳಿಸುವುದು ಯುಕ್ತವಲ್ಲ. ಅದಕ್ಕೆ 'ನಂಜನ್ನೇ' ಅಳೆಯಬೇಕು, ಇಲ್ಲವೆ ಜೀನನ್ನು ಎಣಿಸಬೇಕು.

ಸಂಸ್ಕರಣವೆಂಬುದು ಜೀವಕೋಶದೊಳಗಿನ ಅತಿಸೂಕ್ಷ್ಮವಾದ ವ್ಯಾಪಾರ. ಅದರ ಜ್ಞಾನದಿಂದ ಉಪಕಾರವಾಗುವುದು, ಅಳಿವೆಗಳಲ್ಲಿ ಮರುವಾಯಿ ಹೆಕ್ಕಿ ಮಾರುವವರಿಗೂ ಅದನ್ನು ಕೊಂಡು ಬೇಯಿಸಿ ತಿನ್ನುವವರಿಗೂ. ಬೇಯಿಸಿದರೆ ಹೋಗದ, ರುಚಿಯಿಂದಲೂ ವಾಸನೆಯಿಂದಲೂ ತಿಳಿಯದ ನಂಜಿನ ವಿಷಯದಲ್ಲಿ ಪರೀಕ್ಷೆಯೊಂದೇ ಅವರಿಗಿರುವ ರಕ್ಷೆ. ಆ ಪರೀಕ್ಷೆ ಸರಿಯಾದ ಜೀವಿಯನ್ನೇ ಹುಡುಕುತ್ತಿದೆಯೆಂಬ ಭರವಸೆಗೆ ಇಪ್ಪತ್ತೆರಡು ಅಕ್ಷರಗಳ ಸಾಕ್ಷ್ಯವೂ ಒಂದು ಆಧಾರ. ವಿಜ್ಞಾನದ ವಿದ್ಯಾರ್ಥಿಗಳು ಇದರಲ್ಲಿ ಜೀವಕೋಶದ ವೈಚಿತ್ರ್ಯವನ್ನೂ, ಇತಿಹಾಸದ ವಿದ್ಯಾರ್ಥಿಗಳು ಪ್ರಮಾಣಪರೀಕ್ಷೆಯ ಕ್ರಮವನ್ನೂ ಕಂಡುಕೊಳ್ಳಬಹುದೆಂದು ನಮ್ಮ ನಂಬಿಕೆ.